ಬಾಯಲ್ಲಿ ಸ್ನಾರ್ಕಲ್ ಕಚ್ಚಿಕೊಂಡೇ ಮಾಸ್ಕ್ ನೋಡಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಅವಸರದಲ್ಲಿರುವವರಿಗೆ ಅನುಕೂಲ. ಸ್ಕೂಬಾ ಡೈವಿಂಗಿಗೆ ನಾನು ಬಳಸುತ್ತಿರುವ ಮಾಸ್ಕ್, ಅಂದರೆ ಕಣ್ಣು ಮೂಗು ಮುಚ್ಚುವ ಗಾಜಿನ ಮುಸುಕು, ಕ್ರೆಸ್ಸಿ ಕಂಪನಿಯ ಬಿಗ್ ಐಸ್ ಎವಲ್ಯೂಷನ್. ಫಿನ್, ಅಂದರೆ ಈಜಲು ಕಾಲಿಗೆ ಹಾಕುವ ರೆಕ್ಕೆ, ಮಾರೆಸ್‌ನವರ ಅವಾಂಟಿ ಕ್ವಾಟ್ರೊ ಪ್ಲಸ್, ಹಿಮ್ಮಡಿ ತೆರೆದಿರುವ ಮಾದರಿ. ಎರಡೂ ಚೆನ್ನಾಗಿವೆ, ಬದಲಿಸುವ ಯೋಚನೆ ಇಲ್ಲ.

ಆದರೆ ಇಷ್ಟನ್ನೇ ಓದಿ ಆರ್ಡರ್ ಹಾಕಬೇಡಿ. ನನ್ನದು ಕಿರಿದಾದ ಮುಖ. ನಕ್ಕರೆ ಮೂಗಿನ ಪಕ್ಕದಿಂದ ಬಾಯಿವರೆಗೆ ಆಳವಾದ ಗೆರೆ ಬೀಳುತ್ತದೆ. ಕಣ್ಣಿಗೆ ಮೈನಸ್ 3 ಪವರ್. ಪಾದ ಬೆರಳಿನ ಕಡೆ ಅಗಲ, ಹಿಮ್ಮಡಿ ಕಡೆ ಸಣ್ಣ. ನಿಮ್ಮ ಮುಖ, ನಿಮ್ಮ ಪಾದ ಬೇರೆ. ಅದಕ್ಕೇ ಏನು ಕೊಂಡೆ ಅನ್ನೋದಕ್ಕಿಂತ ಹೇಗೆ ಆರಿಸಿದೆ ಅನ್ನೋದನ್ನು ಜಾಸ್ತಿ ಬರೆಯುತ್ತೇನೆ.

ಮಾಸ್ಕ್ ಆರಿಸಲು ಅಂಗಡಿಗಳಲ್ಲಿ ಹೇಳಿಕೊಡುವ ಪರೀಕ್ಷೆ ನಿಮಗೂ ಗೊತ್ತಿರಬಹುದು. ಸ್ಟ್ರಾಪ್ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದುಕೊಂಡು, ಕೈ ಬಿಡಿ. ಬೀಳದೆ ನಿಂತರೆ ನಿಮ್ಮ ಮಾಸ್ಕ್ ಇದೇ. ಈ ಪರೀಕ್ಷೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಜೋರಾಗಿ ಉಸಿರೆಳೆದರೆ ಸಿಲಿಕೋನ್ ಸ್ಕರ್ಟ್, ಅಂದರೆ ಮುಖಕ್ಕೆ ತಾಗುವ ಮೆತ್ತನೆಯ ಅಂಚು, ಚಪ್ಪಟೆಯಾಗಿ ಯಾವ ಮುಖಕ್ಕಾದರೂ ಕಚ್ಚಿಕೊಳ್ಳುತ್ತದೆ. ಸಂದು ಇದ್ದರೂ ಆ ಎಳೆತಕ್ಕೆ ಮುಚ್ಚಿಹೋಗುತ್ತದೆ. ನೀರೊಳಗೆ ನಾವು ಹಾಗೆ ಮೂಗಿನಿಂದ ಎಳೆಯುತ್ತಾ ಇರುವುದಿಲ್ಲ, ಅಲ್ವಾ? ಅಲ್ಲಿ ಉಸಿರಾಟ ಪೂರ್ತಿ ಬಾಯಿಯಲ್ಲೇ.

ಮುಖ್ಯವಾದ ವಿಷಯ ಇನ್ನೊಂದಿದೆ. ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಾಗಿನ ಮುಖ ನೀರೊಳಗೆ ಇರುವುದಿಲ್ಲ. ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಧನ, ಕಚ್ಚಿಕೊಂಡ ತಕ್ಷಣ ಮೇಲ್ದುಟಿ ಮುಂದಕ್ಕೆ ಬರುತ್ತದೆ, ಕೆನ್ನೆ ಎಳೆದುಕೊಳ್ಳುತ್ತದೆ, ಮೂಗಿನ ಕೆಳಗಿನ ಜಾಗ ಕಿರಿದಾಗುತ್ತದೆ. ಸ್ಕರ್ಟಿನ ಕೆಳಗಿನ ಅಂಚು ಕೂರಬೇಕಾದ್ದು ಸರಿಯಾಗಿ ಅದೇ ಜಾಗದಲ್ಲಿ. ಕೆಲವು ಮಾಸ್ಕ್‌ಗಳಲ್ಲಿ ಬಾಯಿಯ ರಬ್ಬರೇ ಮಾಸ್ಕಿನಲ್ಲಿ ಮೂಗು ಕೂರುವ ಚೀಲವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಅಂಗಡಿಯಲ್ಲಿ ಅಂಟು ಹಾಕಿದಂತೆ ಕೂತಿದ್ದ ಮಾಸ್ಕ್ ಕೊಳದಲ್ಲಿ ಸೋರುವುದು ಇದರಿಂದಲೇ.

ಹಾಗಾಗಿ ನಾನು ಮಾಡುವ ಕ್ರಮ ಹೀಗೆ. ಮೊದಲು ಕೂದಲನ್ನೆಲ್ಲ ಹಿಂದಕ್ಕೆ ತೆಗೆದು, ಸ್ಟ್ರಾಪನ್ನು ಮಾಸ್ಕಿನ ಮುಂದಕ್ಕೆ ಮಡಚಿ, ತಲೆ ಎತ್ತಿ ಸೂರು ನೋಡುತ್ತಾ ಮಾಸ್ಕನ್ನು ಮುಖದ ಮೇಲೆ ಸುಮ್ನೆ ಇಡುತ್ತೇನೆ. ಒತ್ತುವುದಿಲ್ಲ, ಉಸಿರೆಳೆಯುವುದಿಲ್ಲ. ಜೊತೆಗೆ ಬಂದವರಿಗೆ ಸುತ್ತಲೂ ನೋಡಲು ಹೇಳುತ್ತೇನೆ. ಹಣೆ, ಎರಡು ಕಣತಲೆ, ಕೆನ್ನೆಯ ಮೂಳೆ, ಮೂಗಿನ ಕೆಳಗೆ, ಎಲ್ಲೂ ಸಂದು ಕಾಣಬಾರದು. ಮುಖ ಕಿರಿದಾಗಿದ್ದರೆ ಕಣತಲೆಯ ಹತ್ತಿರ ಸಂದು ಬೀಳುವುದು ಮಾಮೂಲು. ದೊಡ್ಡ ಸ್ಕರ್ಟಿನ ಅಂಚು ಅಲ್ಲಿ ಚರ್ಮವನ್ನು ಬಿಟ್ಟು ಗಾಳಿಯಲ್ಲಿ ನಿಂತಿರುತ್ತದೆ. ಅಂಥದ್ದನ್ನು ಅಲ್ಲೇ ಕೆಳಗಿಡುತ್ತೇನೆ. ಸ್ಟ್ರಾಪ್ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ಯಾರು ಹೇಳಿದರೂ ಕೇಳುವುದಿಲ್ಲ.

ಆಮೇಲೆ ಸ್ನಾರ್ಕಲ್, ಅಂದರೆ ನೀರಿನ ಮೇಲಿನ ಗಾಳಿ ಎಳೆದುಕೊಳ್ಳುವ ಕೊಳವೆ, ಬಾಯಿಗೆ. ರೆಗ್ಯುಲೇಟರೇ ಸಿಕ್ಕರೆ ಇನ್ನೂ ಒಳ್ಳೆಯದು. ಈಗ ಮೂಗಿನಿಂದ ತುಂಬಾ ಮೆಲ್ಲಗೆ, ಹೂವು ಮೂಸುವಷ್ಟೇ, ಉಸಿರೆಳೆದು ನಿಲ್ಲಿಸಿ. ಮಾಸ್ಕ್ ಅಷ್ಟಕ್ಕೇ ಕೂರಬೇಕು. ಹಾಗೇ ನಗಿ. ಹುಬ್ಬು ಎತ್ತಿ, ಇಳಿಸಿ. ತಲೆ ಬಲಕ್ಕೆ, ಎಡಕ್ಕೆ ತಿರುಗಿಸಿ. ನನ್ನ ಪರೀಕ್ಷೆಯಲ್ಲಿ ಹೆಚ್ಚಿನ ಮಾಸ್ಕ್‌ಗಳು ಸೋಲುವುದು ಆ ನಗುವಿನ ಜಾಗದಲ್ಲೇ. ಗೆರೆ ಆಳವಾದ ಕೂಡಲೇ ಸಣ್ಣಗೆ ಗಾಳಿ ಒಳಗೆ ನುಸುಳುವ ಸದ್ದು ಕೇಳುತ್ತದೆ. ನೀರೊಳಗೆ ಮೀನು ನೋಡಿ ಖುಷಿಯಾಗಿ ನಗದವರು ಯಾರು ಹೇಳಿ!

ಇಷ್ಟು ಪಾಸಾದರೆ ಸ್ಟ್ರಾಪ್ ಸಡಿಲವಾಗಿ ಹಾಕಿಕೊಂಡು ಅಂಗಡಿಯಲ್ಲೇ ಒಂದಷ್ಟು ಹೊತ್ತು ಓಡಾಡಿ. ಬೇರೆ ಗಿರಾಕಿಗಳು ನೋಡಿ ನಗುತ್ತಾರೆ, ನಗಲಿ. ಹುಬ್ಬುಗಳ ನಡುವೆ ಮೂಗು ಶುರುವಾಗುವ ಜಾಗದಲ್ಲಿ ಒತ್ತುತ್ತಿದೆಯೇ ನೋಡಿಕೊಳ್ಳಿ. ಎರಡೇ ನಿಮಿಷಕ್ಕೆ ಅದು ಗೊತ್ತಾಗುವುದಿಲ್ಲ. ಅಲ್ಲಿನ ಗಟ್ಟಿ ಫ್ರೇಮು ಮೂಳೆಗೆ ತಾಗುತ್ತಿದ್ದರೆ, ಕಾಲು ಗಂಟೆ ಆದ ಮೇಲೆ ತಲೆನೋವು ಶುರು. ಮೂಗಿನ ತುದಿ ಚೀಲದ ಮುಂಭಾಗಕ್ಕೆ ತಾಗಬಾರದು. ಗ್ಲೌಸ್ ಹಾಕಿಕೊಳ್ಳುವವರಾದರೆ ಗ್ಲೌಸ್ ಸಮೇತ ಎರಡು ಬೆರಳಲ್ಲಿ ಮೂಗು ಹಿಡಿದು ನೋಡಿ, ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಹೊಳ್ಳೆಗಳು ಪೂರ್ತಿ ಮುಚ್ಚಬೇಕು.

ಮೂಗು ಯಾಕಿಷ್ಟು ಮುಖ್ಯ ಅಂದರೆ, ಕೆಳಗಿಳಿದಂತೆ ಮಾಸ್ಕಿನೊಳಗಿನ ಗಾಳಿ ಕುಗ್ಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಗಾಳಿಯ ಗಾತ್ರ ಅರ್ಧ. ಮೂಗಿನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟು ಆ ಜಾಗ ತುಂಬಿಸದಿದ್ದರೆ ಮಾಸ್ಕ್ ಮುಖವನ್ನು ಹೀರಿಕೊಳ್ಳುತ್ತದೆ, ಕಣ್ಣಿನ ಸಣ್ಣ ರಕ್ತನಾಳಗಳು ಒಡೆದು ಬಿಳಿಭಾಗ ಕೆಂಪಾಗುತ್ತದೆ. ಈಜುವ ಗಾಗಲ್ಸ್ ಡೈವಿಂಗಿಗೆ ಆಗದಿರುವುದು ಇದೇ ಕಾರಣಕ್ಕೆ, ಅದರಲ್ಲಿ ಮೂಗು ಹೊರಗಿರುತ್ತದೆ. ಇಡೀ ಮುಖ ಮುಚ್ಚುವ ಸ್ನಾರ್ಕಲ್ ಮಾಸ್ಕ್ ಕೂಡ ಆಗುವುದಿಲ್ಲ. ಅದರಲ್ಲಿ ರೆಗ್ಯುಲೇಟರ್ ಕಚ್ಚಲು ಜಾಗವೇ ಇಲ್ಲ.

ಒಳಗೆ ಗಾಳಿ ಕಡಿಮೆ ಹಿಡಿಯುವ ಮಾಸ್ಕ್ ಒಳ್ಳೆಯದು ಅನ್ನುವುದೂ ಇದರಿಂದಲೇ. ಒತ್ತಡ ಸರಿದೂಗಿಸಲು ಕಡಿಮೆ ಗಾಳಿ ಸಾಕು, ನೀರು ನುಗ್ಗಿದರೆ ಒಂದೇ ಉಸಿರಿಗೆ ಹೊರಹಾಕಬಹುದು. ಗಾಜು ಕಣ್ಣಿಗೆ ಹತ್ತಿರ ಬರುವುದರಿಂದ ಸುತ್ತಲಿನ ನೋಟವೂ ಅಗಲವಾಗುತ್ತದೆ. ಆದರೆ ಉದ್ದ ರೆಪ್ಪೆಯವರು ಗಾಜಿಗೆ ರೆಪ್ಪೆ ತಾಗುತ್ತದೆಯೇ ನೋಡಿಕೊಳ್ಳಿ. ಸಣ್ಣ ವಿಷಯ ಅನಿಸುತ್ತದೆ, ನೀರೊಳಗೆ ಮಾತ್ರ ಪ್ರಾಣ ತಿನ್ನುತ್ತದೆ.

ಬಿಗ್ ಐಸ್ ನನಗೆ ಒಪ್ಪಿದ್ದು ಎರಡು ಕಾರಣಕ್ಕೆ. ಒಂದು ಅದರ ಗಾಜಿನ ಆಕಾರ. ನೀರಿನ ಹನಿಯನ್ನು ತಲೆಕೆಳಗು ಮಾಡಿ, ಸ್ವಲ್ಪ ಓರೆಯಾಗಿ ಕೂರಿಸಿದ ಹಾಗಿದೆ. ಕೆಳಗಿನ ನೋಟ ಜಾಸ್ತಿ ಸಿಗುತ್ತದೆ. ಎದೆಯ ಮೇಲಿನ ಬಕಲ್, ಸೊಂಟದ ವೆಯ್ಟ್ ಬೆಲ್ಟ್, ಪಕ್ಕದಲ್ಲಿ ನೇತಾಡುವ ಗೇಜು, ಇವನ್ನೆಲ್ಲ ಗಲ್ಲವನ್ನು ಎದೆಗೆ ಒತ್ತಿಕೊಳ್ಳದೆ ಕಣ್ಣಷ್ಟೇ ಇಳಿಸಿ ನೋಡಬಹುದು. ಎರಡು, ಕಣ್ಣಿಗೊಂದರಂತೆ ಬೇರೆ ಬೇರೆ ಗಾಜು ಇರುವುದರಿಂದ ಪವರ್ ಗಾಜು ಹಾಕಿಸಬಹುದು. ಇವು ರೆಡಿಮೇಡ್ ಸಿಗುತ್ತವೆ, ಸಾಮಾನ್ಯವಾಗಿ ಅರ್ಧ ಅರ್ಧ ಪಾಯಿಂಟಿನ ಅಂತರದಲ್ಲಿ. ನೀರೊಳಗೆ ವಸ್ತುಗಳು ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ, ಕಾಲು ಭಾಗ ಹತ್ತಿರದಲ್ಲಿದ್ದಂತೆ ಕಾಣುತ್ತವೆ. ಪವರ್ ತುಂಬಾ ಕಡಿಮೆ ಇರುವವರು ಸಾದಾ ಗಾಜಿನಲ್ಲೇ ಸುಧಾರಿಸಬಹುದು. ನನ್ನ ಮೈನಸ್ 3ಕ್ಕೆ ಆಗದು. ಬಡಿ (ಜೊತೆಗೆ ಇಳಿಯುವ ಜೋಡಿ) ಕೈಸನ್ನೆ ಮಾಡಿದರೆ ಅದು ಕೈಯೋ ಹವಳವೋ ಗೊತ್ತಾಗಬೇಕಲ್ಲ. ಕನ್ನಡಕದ ಸಿಲಿಂಡರ್ ಪವರ್ ಜಾಸ್ತಿ ಇರುವವರು ರೆಡಿಮೇಡ್ ಬಿಟ್ಟು ಹೇಳಿ ಮಾಡಿಸಬೇಕಾಗುತ್ತದೆ. ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯುವವರೂ ಇದ್ದಾರೆ, ಮಾಸ್ಕಿಗೆ ನೀರು ನುಗ್ಗಿದಾಗ ಅವರು ಕಣ್ಣು ಮುಚ್ಚಿಕೊಳ್ಳಬೇಕು ಅಷ್ಟೇ.

ಫ್ರೇಮ್ ಇಲ್ಲದ, ಒಂದೇ ಗಾಜಿನ ಮಾಸ್ಕ್‌ಗಳು ಕಿರಿದಾದ ಮುಖಕ್ಕೆ ಚೆನ್ನಾಗಿ ಕೂರುವುದುಂಟು. ಚಪ್ಪಟೆಯಾಗಿ ಮಡಚಿ ಬಿಸಿಡಿಯ (ತೇಲುವುದನ್ನು ಹೊಂದಿಸುವ, ಗಾಳಿ ತುಂಬುವ ಜಾಕೆಟ್) ಜೇಬಿಗೂ ಹಾಕಬಹುದು. ನನ್ನ ಹತ್ತಿರ ಒಂದು ಹೆಚ್ಚುವರಿಯಾಗಿ ಇದೆ. ಆದರೆ ಅದರ ಗಾಜು ತೆಗೆದು ಬೇರೆ ಹಾಕುವ ಹಾಗಿಲ್ಲ, ಒಡೆದರೆ ಇಡೀ ಮಾಸ್ಕೇ ಹೋಯಿತು. ಪಕ್ಕದಲ್ಲಿ ಕಿಟಕಿ ಇರುವ ಮಾಸ್ಕ್‌ಗಳಲ್ಲಿ ಬೆಳಕು ಚೆನ್ನಾಗಿ ಬರುತ್ತದೆ. ಆದರೆ ಮುಂದಿನ ಗಾಜು ಮುಗಿದು ಪಕ್ಕದ ಗಾಜು ಶುರುವಾಗುವಲ್ಲಿ ಒಂದೇ ಮೀನು ಎರಡಾಗಿ ಕಾಣುತ್ತದೆ. ಮೂಗಿನ ಕೆಳಗೆ ನೀರು ಹೊರಹಾಕುವ ವಾಲ್ವ್ ಇರುವುದು ನನಗೆ ಬೇಡ. ಮರಳಿನ ಕಣ ಸಿಕ್ಕಿಕೊಂಡರೆ ಅದೇ ಸೋರಲು ಶುರುವಾಗುತ್ತದೆ. ಬಣ್ಣದ ಗಾಜೂ ಬೇಡ, ಬಡಿಗೆ ನನ್ನ ಕಣ್ಣು ಕಾಣಬೇಕು.

ಸ್ಕರ್ಟ್ ಪಾರದರ್ಶಕವೋ ಕಪ್ಪೋ? ಮುಖ ಮುಚ್ಚಿದಂತಾಗಿ ಗಾಬರಿ ಆಗುವವರಿಗೆ ಪಾರದರ್ಶಕ ಹಿತ. ಬದಿಯಿಂದ ಬೆಳಕು ಬರುತ್ತದೆ. ಕ್ಯಾಮೆರಾ ಹಿಡಿಯುವವರು ಕಪ್ಪನ್ನೇ ಇಷ್ಟಪಡುತ್ತಾರೆ, ಗಾಜಿನ ಒಳಗೆ ಪ್ರತಿಫಲನ ಇರುವುದಿಲ್ಲ. ಪಾರದರ್ಶಕ ಸಿಲಿಕೋನ್ ಕಾಲಕ್ರಮೇಣ ಹಳದಿಯಾಗುತ್ತದೆ, ಅದಕ್ಕೇನೂ ಮಾಡುವಂತಿಲ್ಲ. ಸ್ಕರ್ಟ್ ಯಾವ ಬಣ್ಣದ್ದಾದರೂ ಇರಲಿ, ಗಾಜಿನ ಮೇಲೆ ‘ಟೆಂಪರ್ಡ್’ ಅಂತ ಮುದ್ರೆ ಇದೆಯೇ ನೋಡಿ. ಆ ಗಾಜು ಒಡೆದರೂ ಚೂಪಾದ ಚೂರಾಗದೆ ಪುಡಿಪುಡಿಯಾಗುತ್ತದೆ.

ನನ್ನ ಬಡಿಯ ಮೀಸೆ ಬಗ್ಗೆ ಒಂದು ಮಾತು ಹೇಳಲೇಬೇಕು. ದಪ್ಪ ಮೀಸೆ, ಬೋಳಿಸುವ ಮಾತೇ ಇಲ್ಲ. ಕೂದಲ ನಡುವೆ ನೀರು ದಾರಿ ಮಾಡಿಕೊಂಡು ಒಳಗೆ ಬರುತ್ತದೆ. ಅವರು ಮೂಗಿನ ಬುಡದಲ್ಲಿ, ಸ್ಕರ್ಟ್ ಕೂರುವಷ್ಟು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸಿಕೊಳ್ಳುತ್ತಾರೆ. ದೂರದಿಂದ ಗೊತ್ತೇ ಆಗುವುದಿಲ್ಲ. ಮೇಲೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರುತ್ತಾರೆ. ಆದರೂ ಒಂದಿಷ್ಟು ನೀರು ಬಂದೇ ಬರುತ್ತದೆ. ಆಗಾಗ ಮೂಗಿನಿಂದ ಊದಿ ಹೊರಹಾಕುತ್ತಾ, ಮೀಸೆಯ ಗೌರವ ಉಳಿಸಿಕೊಂಡು ಈಜುತ್ತಾರೆ.

ಸ್ಟ್ರಾಪ್ ವಿಷಯದಲ್ಲಿ ಜನ ತಿಳಿದಿರುವುದು ಉಲ್ಟಾ. ಸೋರಿದರೆ ಬಿಗಿ ಮಾಡುತ್ತಾರೆ. ಬಿಗಿ ಮಾಡಿದಷ್ಟೂ ಸ್ಕರ್ಟಿನ ಅಂಚು ಮಡಚಿಕೊಂಡು ಜಾಸ್ತಿ ಸೋರುತ್ತದೆ. ಕೆಳಗೆ ಹೋದ ಮೇಲೆ ಮಾಸ್ಕನ್ನು ಹಿಡಿದಿಡುವುದು ನೀರಿನ ಒತ್ತಡವೇ. ಸ್ಟ್ರಾಪ್ ಇರುವುದು ಮಾಸ್ಕ್ ಕಳಚಿಹೋಗದಿರಲಿ ಅಂತ ಮಾತ್ರ. ಅದನ್ನು ತಲೆಯ ಹಿಂದೆ ಅತಿ ಅಗಲವಾದ ಜಾಗದಲ್ಲಿ, ಕಿವಿಗಿಂತ ಮೇಲೆ ಕೂರಿಸಿ. ಕುತ್ತಿಗೆ ಕಡೆ ಇಳಿದರೆ ಮೂಗಿನ ಕೆಳಗೆ ಒತ್ತಿ ನೋಯಿಸುತ್ತದೆ. ಉದ್ದ ಕೂದಲಿನವರು ಸಿಲಿಕೋನ್ ಸ್ಟ್ರಾಪಿಗೆ ನಿಯೋಪ್ರೀನ್ ಬಟ್ಟೆಯ ಕವರ್ ಹಾಕಿಕೊಳ್ಳಿ, ಮಾಸ್ಕ್ ತೆಗೆಯುವಾಗ ಕೂದಲು ಕಿತ್ತುಬರುವುದು ತಪ್ಪುತ್ತದೆ.

ಹೊಸ ಮಾಸ್ಕ್ ಮಂಜು ಕಟ್ಟಿದರೆ ಮಾಸ್ಕನ್ನು ಬೈಯಬೇಡಿ. ತಯಾರಾಗುವಾಗ ಗಾಜಿನ ಮೇಲೆ ತೆಳ್ಳಗೆ ಸಿಲಿಕೋನ್ ಪದರ ಕೂತಿರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಿನಲ್ಲಿ ಒಳಗಡೆ ಚೆನ್ನಾಗಿ ಉಜ್ಜಿ, ತೊಳೆದು, ಮತ್ತೆ ಉಜ್ಜಿ. ಗಾಜಿಗೆ ಲೇಪನ ಇದ್ದರೆ ಮಾತ್ರ ಬೇಡ, ಕಂಪನಿ ಹೇಳಿದ ಹಾಗೆ ಮಾಡಿ. ಲೈಟರ್ ಬೆಂಕಿ ತೋರಿಸಿ ಸುಡುವವರೂ ಇದ್ದಾರೆ. ಪಕ್ಕದ ಸಿಲಿಕೋನ್ ಸುಟ್ಟರೆ ಏನು ಗತಿ? ನಾನಂತೂ ಆ ತಂಟೆಗೆ ಹೋಗುವುದಿಲ್ಲ. ಆಮೇಲೆ ಪ್ರತಿ ಸಲ ಇಳಿಯುವ ಮುಂಚೆ ಎಂಜಲು, ಇಲ್ಲವೇ ನೀರು ಬೆರೆಸಿದ ಬೇಬಿ ಶಾಂಪೂ ಸಾಕು.

ಇನ್ನು ಫಿನ್. ಇಲ್ಲಿ ಮೊದಲ ಪ್ರಶ್ನೆ ಬರಿಗಾಲಿಗೋ, ಬೂಟಿ ಅನ್ನುವ ನಿಯೋಪ್ರೀನ್ ರಬ್ಬರಿನ ಮೆತ್ತನೆ ಬೂಟಿಗೋ ಅನ್ನೋದು. ಹಿಮ್ಮಡಿ ಸಮೇತ ಮುಚ್ಚುವ ಫಿನ್ ಬರಿಗಾಲಿಗೆ. ಹಗುರ, ಬೆಚ್ಚಗಿನ ನೀರಿಗೆ ಒಳ್ಳೆಯದು. ಪಾದ ಸ್ಟಾಂಡರ್ಡ್ ಆಕಾರದಲ್ಲಿದ್ದರೆ ಚಪ್ಪಲಿ ಅಳತೆ ನೋಡಿಯೇ ಆರಿಸಬಹುದು. ನನ್ನಂತೆ ಮುಂದೆ ಅಗಲ, ಹಿಂದೆ ಸಣ್ಣ ಇದ್ದರೆ ಕಷ್ಟ. ಬೆರಳಿಗೆ ಸರಿಯಾದರೆ ಹಿಮ್ಮಡಿ ಜಾರುತ್ತದೆ, ಹಿಮ್ಮಡಿಗೆ ಸರಿಯಾದರೆ ಕಿರುಬೆರಳು ನಜ್ಜಾಗುತ್ತದೆ. ಹಿಂದೆ ಸ್ಟ್ರಾಪ್ ಇರುವ ಫಿನ್‌ಗೆ ಹೋದದ್ದು ಅದಕ್ಕೇ. ಕಲ್ಲು, ಬಿಸಿ ಮರಳು, ದೋಣಿಯ ಏಣಿ, ಎಲ್ಲದಕ್ಕೂ ಬೂಟಿ ಇದ್ದರೆ ಪಾದಕ್ಕೆ ನೆಮ್ಮದಿ.

ಬೂಟಿ ಹಾಕುವುದಾದರೆ ಬೂಟಿಯನ್ನೇ ಮೊದಲು ಕೊಳ್ಳಿ. ಆ ಬೂಟಿ ಹಾಕಿಕೊಂಡೇ ಫಿನ್ ನೋಡಿ. 3 ಮಿಲಿಮೀಟರ್ ಬೂಟಿಗೆ ಸರಿಯಾದ ಫಿನ್ 5 ಮಿಲಿಮೀಟರ್ ಬೂಟಿಗೆ ಬಿಗಿಯಾಗುತ್ತದೆ. ಅಟ್ಟೆ ದಪ್ಪ ಇದ್ದರಂತೂ ಒಳಗೇ ಹೋಗದು. ಎಸ್, ಎಂ, ಎಲ್ ಅಕ್ಷರಗಳನ್ನು ನಂಬಬೇಡಿ, ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರುತ್ತದೆ.

ಕುರ್ಚಿಯ ಮೇಲೆ ಕೂತು ಕಾಲು ಒಳಗೆ ಹಾಕಿ, ಸ್ಟ್ರಾಪ್ ಎಳೆದು, ಕಾಲು ಮುಂದಕ್ಕೆ ಚಾಚಿ. ಪಾದವನ್ನು ಅತ್ತಿತ್ತ ತಿರುಗಿಸಿ. ಪಾದ ತಿರುಗಿದ ಕೂಡಲೇ ಬ್ಲೇಡೂ, ಅಂದರೆ ಫಿನ್‌ನ ಚಪ್ಪಟೆ ಹಲಗೆಯೂ, ತಿರುಗಬೇಕು. ಪಾದ ಮೊದಲು ತಿರುಗಿ ಬ್ಲೇಡ್ ತಡವಾಗಿ ಬಂದರೆ ಫಿನ್ ದೊಡ್ಡದಾಯಿತು. ಒದೆಯುವ ಶಕ್ತಿಯಲ್ಲಿ ಅಷ್ಟು ಪಾಲು ಸುಮ್ನೆ ಪೋಲು. ಬೆರಳು ಮಡಚಿಕೊಂಡಿರಬಾರದು. ಪಾದದ ಮೇಲ್ಭಾಗದಲ್ಲಿ, ರಬ್ಬರಿನ ಅಂಚು ಮುಗಿಯುವ ಕಡೆ, ಗೆರೆ ಹಾಕಿದಂತೆ ಒತ್ತುತ್ತಿದೆಯೇ ಅಂತ ವಿಶೇಷವಾಗಿ ನೋಡಿ. ನೋವು ಶುರುವಾಗುವುದು ಅಲ್ಲಿಂದ. ಆಮೇಲೆ ಪಾದವೇ ಜೋಮು ಹಿಡಿಯುತ್ತದೆ.

ಇಲ್ಲೂ ಮಾಸ್ಕಿನ ಕಥೆಯೇ. ಅಂಗಡಿಯಲ್ಲಿನ ಪಾದ ನೀರೊಳಗಿನ ಪಾದವಲ್ಲ. ನಿಯೋಪ್ರೀನ್ ತುಂಬಾ ಗಾಳಿಗುಳ್ಳೆಗಳೇ ಇರುತ್ತವೆ. ಆಳಕ್ಕೆ ಹೋದಂತೆ ಅವು ಕುಗ್ಗಿ ಬೂಟಿ ತೆಳ್ಳಗಾಗುತ್ತದೆ. ಮೇಲೆ ಸರಿಯಾಗಿ ಎಳೆದು ಕಟ್ಟಿದ್ದ ಸ್ಟ್ರಾಪ್ ಕೆಳಗೆ ಸಡಿಲ. ಹಾಗಂತ ಮೇಲೆಯೇ ಜಾಸ್ತಿ ಬಿಗಿದರೆ ಹಿಮ್ಮಡಿಯಲ್ಲಿ ನೋವು. ಸ್ಟೀಲ್ ಸ್ಪ್ರಿಂಗಿನ ಅಥವಾ ಬಂಜಿ ಹಗ್ಗದ ಸ್ಟ್ರಾಪ್ ಇದ್ದರೆ ಆ ಸಡಿಲವನ್ನು ತಾನೇ ಎಳೆದುಕೊಳ್ಳುತ್ತದೆ. ಬಕಲ್ ಗೋಜಿಲ್ಲ. ಕ್ವಾಟ್ರೊ ಪ್ಲಸ್‌ನಲ್ಲಿರುವುದು ಬಂಜಿ. ಹಿಂದಿನ ಕುಣಿಕೆಗೆ ಬೆರಳು ಹಾಕಿ ಎಳೆದರೆ ಹಾಕಿಕೊಳ್ಳುವುದೂ ಆಯಿತು, ತೆಗೆಯುವುದೂ ಆಯಿತು. ಅಲೆಯಲ್ಲಿ ಏಣಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಫಿನ್ ತೆಗೆಯುವಾಗ ಇದರ ಬೆಲೆ ತಿಳಿಯುತ್ತದೆ. ಏಣಿಯೋ ಹಗ್ಗವೋ ಕೈಗೆ ಸಿಗುವವರೆಗೆ ಮಾತ್ರ ಫಿನ್ ತೆಗೆಯಬೇಡಿ.

ಕ್ವಾಟ್ರೊದ ಬ್ಲೇಡಿನಲ್ಲಿ ಉದ್ದಕ್ಕೆ ನಾಲ್ಕು ಕಾಲುವೆಗಳಿವೆ. ಒದ್ದಾಗ ಅವು ಬಾಗಿ ಬ್ಲೇಡ್ ನಡುವೆ ತಗ್ಗಾಗುತ್ತದೆ, ನೀರು ಪಕ್ಕಕ್ಕೆ ಜಾರದೆ ನೇರ ಹಿಂದಕ್ಕೆ ಹೋಗುತ್ತದೆ. ಮೇಲೆ ಕೆಳಗೆ ಒದೆಯುವವರಿಗೆ ಬಹಳ ಚೆನ್ನ. ಕಪ್ಪೆಯೊದೆಗೂ ಸಾಕಷ್ಟು ಹಿಡಿತ ಕೊಡುತ್ತದೆ. ಇದು ಉದ್ದದ ಫಿನ್ ಅನ್ನೋದು ನೆನಪಿರಲಿ. ಪ್ರಯಾಣದ ಪೆಟ್ಟಿಗೆಯ ಅಳತೆ ನೋಡಿಕೊಂಡೇ ಕೊಳ್ಳಿ.

ಇದಕ್ಕೆ ಪೂರ್ತಿ ಬೇರೆ ಜಾತಿಯದು ಸ್ಕೂಬಾಪ್ರೊದ ಜೆಟ್ ಫಿನ್. 1960ರ ದಶಕದಿಂದ ಬಂದಿರುವ ವಿನ್ಯಾಸ. ಗಿಡ್ಡ, ಅಗಲ, ಗಟ್ಟಿ ರಬ್ಬರ್, ನಡುವೆ ನೀರು ಹಾಯಲು ತೂತುಗಳು. ಹಿಂದಕ್ಕೆ ಈಜಲು, ಇದ್ದಲ್ಲೇ ತಿರುಗಲು ಇಂಥದ್ದೇ ಬೇಕು. ಆದರೆ ಭಾರ, ನೀರಲ್ಲಿ ಮುಳುಗುತ್ತದೆ. ಡ್ರೈಸೂಟ್ (ನೀರು ಒಳಗೆ ಬಾರದ, ಒಳಗೆ ಗಾಳಿ ಇರುವ ಉಡುಪು) ಹಾಕುವವರಿಗೆ ಅದೇ ಅನುಕೂಲ, ಕಾಲಿನ ಕಡೆ ಗಾಳಿ ಹೋಗಿ ಪಾದ ತೇಲುವುದನ್ನು ಆ ಭಾರ ತಡೆಯುತ್ತದೆ. ತೆಳು ವೆಟ್‌ಸೂಟಿನಲ್ಲಿ ಮೊದಲೇ ಕಾಲು ಕೆಳಗೆಳೆಯುವವರು ಇದನ್ನು ಹಾಕಿದರೆ ಇನ್ನೂ ಜಗ್ಗುತ್ತದೆ. ಹಾಗಾಗಿ ನನಗಲ್ಲ. ನನ್ನ ಬಡಿಗೆ ಇದನ್ನು ಬಿಟ್ಟರೆ ಬೇರೆ ಫಿನ್ ಇಲ್ಲ.

ಬ್ಲೇಡ್ ಎರಡಾಗಿ ಸೀಳಿರುವ ಸ್ಪ್ಲಿಟ್ ಫಿನ್ ಮಂಡಿ ನೋವಿನವರಿಗೆ ಹಗುರ. ಸಣ್ಣ ಸಣ್ಣದಾಗಿ ಒದೆಯುತ್ತಾ ಹೋಗಬಹುದು. ಕಪ್ಪೆಯೊದೆಗೆ ಮಾತ್ರ ನೀರು ಸಿಕ್ಕುವುದೇ ಇಲ್ಲ. ಗುಹೆ, ಮುಳುಗಿದ ಹಡಗು ಅಂತ ಹೋಗುವವರು ಇದನ್ನು ಮುಟ್ಟುವುದಿಲ್ಲ, ಸೀಳಿನಲ್ಲಿ ಹಗ್ಗ ಸಿಕ್ಕಿಕೊಳ್ಳುತ್ತದೆ.

ಗಟ್ಟಿ ಬ್ಲೇಡ್ ಅಂದರೆ ವೇಗ ಜಾಸ್ತಿ ಅನ್ನುವ ಲೆಕ್ಕ ನಿಮ್ಮ ಕಾಲು ಒಪ್ಪಿದರೆ ಮಾತ್ರ. ಒಪ್ಪದಿದ್ದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ಒದೆಯುವುದು ನಿಲ್ಲಿಸಿ, ಫಿನ್‌ನ ತುದಿ ಹಿಡಿದು ನಿಮ್ಮ ಕಡೆಗೆ ಎಳೆದು, ಮಂಡಿ ಮೆಲ್ಲಗೆ ನೇರ ಮಾಡಿ. ಕಾಲು ಬಲವಾದ ಮೇಲೆ ಬೇಕಾದರೆ ಗಟ್ಟಿ ಫಿನ್ ಕೊಳ್ಳಬಹುದು.

ಮಾಸ್ಕ್, ಫಿನ್ ಎರಡನ್ನೂ ಸಾಧ್ಯವಾದರೆ ಕೊಳದಲ್ಲಿ ಒಮ್ಮೆ ನೋಡಿಯೇ ಕೊಳ್ಳಿ. ಹಲವು ಡೈವ್ ಅಂಗಡಿಗಳವರು ಕೇಳಿದರೆ ಕೊಡುತ್ತಾರೆ. ಕೊಂಡ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಫಿನ್ ಜೊತೆ ಬರುವ ಪ್ಲಾಸ್ಟಿಕ್ ಪಾದವನ್ನು ಎಸೆಯಬೇಡಿ, ಅದು ಇರುವುದೇ ಫಿನ್ ಆಕಾರ ಕೆಡದಿರಲಿ ಅಂತ. ಫಿನ್ನನ್ನು ತುದಿಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬ್ಲೇಡ್ ಸೊಟ್ಟಗಾಗುತ್ತದೆ, ಮಲಗಿಸಿಡಿ. ಮಾಸ್ಕನ್ನು ಫಿನ್ ಒಳಗೆ ತುರುಕಿ ಪ್ಯಾಕ್ ಮಾಡುವುದು ತುಂಬಾ ಜನರ ರೂಢಿ. ಪಾರದರ್ಶಕ ಸಿಲಿಕೋನ್ ಕಪ್ಪು ರಬ್ಬರಿಗೆ ತಾಗಿಕೊಂಡಿದ್ದರೆ ಬಣ್ಣ ಕೆಡುತ್ತದೆ. ಮಾಸ್ಕಿಗೆ ಅದರದೇ ಡಬ್ಬಿ ಇದೆ, ಅದರಲ್ಲೇ ಇರಲಿ. ಮಾಸ್ಕ್‌ದು ಒಂದು, ಫಿನ್‌ದು ಒಂದು, ಹೆಚ್ಚುವರಿ ಸ್ಟ್ರಾಪ್ ಕೊಳ್ಳುವ ದಿನವೇ ಕೊಂಡಿಟ್ಟುಕೊಳ್ಳಿ. ಅದು ತುಂಡಾಗುವುದು ಯಾವಾಗಲೂ ದೋಣಿಯಲ್ಲೇ.